ಕೋಡ್ ಬರೆಯಲು ಬಂತು, ಆಮೇಲೆ? ಸಾಫ್ಟ್‌ವೇರ್ ಪದವಿಯಲ್ಲಿ ಟೂಲ್‌ಗಳನ್ನು ಯಾಕೆ, ಹೇಗೆ ಕಲಿಸಬೇಕು

2022ರ ಜೂನ್‌ನಲ್ಲಿ ಕೋಡ್ ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ಟೂಲ್ ಗಿಟ್‌ಹಬ್ ಕೋಪೈಲಟ್ ಎಲ್ಲರ ಕೈಗೆ ಸಿಕ್ಕಿತು. ಅದೇ ವರ್ಷ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಅಲ್ಲಿಂದ ಈಚೆಗೆ ಸಾಫ್ಟ್‌ವೇರ್ ಓದುವ ಮಕ್ಕಳು, ಅವರ ಅಪ್ಪ ಅಮ್ಮ, ಪಾಠ ಮಾಡುವ ಮೇಷ್ಟ್ರು ಎಲ್ಲರೂ ಕೇಳುತ್ತಿರುವುದು ಒಂದೇ ಮಾತು: ಕೋಡನ್ನು ಯಂತ್ರವೇ ಬರೆದುಕೊಡುವುದಾದರೆ ಕಾಲೇಜಿನಲ್ಲಿ ಕಲಿಯಬೇಕಾದ್ದು ಏನು?

ಇದಕ್ಕೆ ಉತ್ತರ ಹುಡುಕಹೊರಟರೆ ಅದಕ್ಕಿಂತ ಹಳೆಯ ತೊಡಕೊಂದು ಅಡ್ಡ ಬರುತ್ತದೆ. ಚೆನ್ನಾಗಿ ಓದಿ ಒಳ್ಳೆಯ ಅಂಕ ತೆಗೆದವರೂ ಕೆಲಸಕ್ಕೆ ಸೇರಿದ ಮೊದಲ ವಾರ ಕಂಗಾಲಾಗುತ್ತಾರೆ. ಅವರಿಗೆ ಅಲ್ಗಾರಿದಮ್ (ಸಮಸ್ಯೆ ಬಿಡಿಸುವ ಹೆಜ್ಜೆಗಳು) ಗೊತ್ತು. ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ಬಗೆ) ಗೊತ್ತು. ಆದರೆ ‘ಹೊಸ ಬ್ರಾಂಚ್ ಮಾಡಿ, ಟೆಸ್ಟ್ ಸೇರಿಸಿ, ಪುಲ್ ರಿಕ್ವೆಸ್ಟ್ ಕಳಿಸಿ’ ಎಂದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಅವರು ದಡ್ಡರಲ್ಲ. ಆ ಕೆಲಸದ ಸಲಕರಣೆಗಳನ್ನು ಯಾರೂ ಅವರ ಕೈಗೆ ಕೊಟ್ಟಿರಲಿಲ್ಲ, ಅಷ್ಟೇ.

ಈ ಸಲಕರಣೆಗಳು ಯಾವುವು, ಯಾಕೆ ಹುಟ್ಟಿಕೊಂಡವು, ಕಾಲೇಜಿನಲ್ಲಿ ಅವನ್ನು ಕಲಿಸುವುದು ಯಾಕೆ ಅಷ್ಟು ಸುಲಭವಲ್ಲ, ಹೇಗೆ ಕಲಿಸಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದನ್ನು ಬುಡದಿಂದ ನೋಡೋಣ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಜೊತೆಗೆ ಬರಬಹುದು.

## ಪ್ರೋಗ್ರಾಂ ಬೇರೆ, ಸಾಫ್ಟ್‌ವೇರ್ ಬೇರೆ

ಕಾಲೇಜಿನ ಲ್ಯಾಬ್‌ನಲ್ಲಿ ಬರೆಯುವ ಪ್ರೋಗ್ರಾಂ ಹೇಗಿರುತ್ತದೆ? ನೂರು ಸಾಲು ಇರಬಹುದು. ಒಬ್ಬರೇ ಬರೆಯುತ್ತಾರೆ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಸರಿಯಾದ ಉತ್ತರ ಬಂದರೆ ರೆಕಾರ್ಡ್ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಆ ಫೈಲನ್ನು ಯಾರೂ ತೆರೆಯುವುದಿಲ್ಲ.

ಜನ ದಿನವೂ ಬಳಸುವ ಸಾಫ್ಟ್‌ವೇರ್ ಹಾಗಲ್ಲ. ಲಕ್ಷಗಟ್ಟಲೆ ಸಾಲು ಇರುತ್ತದೆ. ಹತ್ತಾರು ಜನ ಒಂದೇ ಹೊತ್ತಿಗೆ ಅದನ್ನು ತಿದ್ದುತ್ತಿರುತ್ತಾರೆ. ಮೊದಲು ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಅದು ಓಡುತ್ತಿರುವಾಗಲೇ ಬದಲಾಯಿಸಬೇಕು, ಬಳಸುವವರಿಗೆ ತೊಂದರೆಯೂ ಆಗಬಾರದು.

ಒಂದು ಲೇಖನ ಬರೆಯುವುದಕ್ಕೂ ದಿನಪತ್ರಿಕೆಯೊಂದನ್ನು ವರ್ಷಾನುಗಟ್ಟಲೆ ಹೊರತರುವುದಕ್ಕೂ ಇರುವ ವ್ಯತ್ಯಾಸ ಇದು. ಲೇಖನಕ್ಕೆ ಒಬ್ಬ ಬರಹಗಾರ ಸಾಕು. ಪತ್ರಿಕೆಗೆ ಎಷ್ಟೋ ವರದಿಗಾರರು ಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದಬೇಕು. ಕರಡು ನೋಡುವವರು ಬೇಕು, ಮುದ್ರಣ ಬೇಕು, ಬೆಳಗಾಗುವುದರೊಳಗೆ ಎಲ್ಲ ಕಡೆ ತಲುಪಿಸುವ ವ್ಯವಸ್ಥೆ ಬೇಕು. ಬರೆಯುವುದನ್ನು ಮಾತ್ರ ಕಲಿತವರನ್ನು ನೇರವಾಗಿ ಪತ್ರಿಕೆಯ ಕಚೇರಿಗೆ ತಂದು ಕೂರಿಸಿದರೆ ಅವರಿಗೆ ದಿಕ್ಕು ತೋಚುವುದಿಲ್ಲ.

ಈ ವ್ಯತ್ಯಾಸ ಜಗತ್ತಿಗೆ ಅರ್ಥವಾಗಿ ಅರ್ಧ ಶತಮಾನಕ್ಕಿಂತ ಜಾಸ್ತಿಯಾಯಿತು. 1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೋ ಒಕ್ಕೂಟ ಒಂದು ಸಭೆ ಕರೆದಿತ್ತು. ಸಾಫ್ಟ್‌ವೇರ್ ಹೇಳಿದ ಹೊತ್ತಿಗೆ ಮುಗಿಯುತ್ತಿಲ್ಲ, ಅಂದುಕೊಂಡದ್ದಕ್ಕಿಂತ ಹೆಚ್ಚು ಹಣ ತಿನ್ನುತ್ತದೆ, ಮುಗಿದ ಮೇಲೂ ನಂಬುವಂತಿರುವುದಿಲ್ಲ ಎಂಬುದು ಅಲ್ಲಿನ ಚರ್ಚೆ. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರು ಎಲ್ಲರ ಬಾಯಿಗೆ ಬಂದದ್ದು ಆ ಸಭೆಯಿಂದಲೇ. ಸೇತುವೆ, ಯಂತ್ರ ಕಟ್ಟುವವರಿಗೆ ಇರುವಂಥ ಶಿಸ್ತು ಕೋಡ್ ಬರೆಯುವವರಿಗೂ ಬೇಕು ಎಂಬುದು ಆ ಹೆಸರಿನ ಹಿಂದಿದ್ದ ಆಸೆ. ಆಮೇಲಿನ ದಶಕಗಳಲ್ಲಿ ಬಂದ ಬಹುಪಾಲು ಟೂಲ್‌ಗಳು ಆ ಶಿಸ್ತನ್ನು ದಿನದ ಅಭ್ಯಾಸವಾಗಿಸಲು ಹುಟ್ಟಿದವು.

## ಟೂಲ್ ಎಂದರೆ ಯಾವುವು?

ಕೋಡ್ ಬರೆಯುವ ಎಡಿಟರ್ ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ಟರ್ಮಿನಲ್ ಇರುತ್ತದೆ. ಮೌಸ್‌ನಿಂದ ಒತ್ತುವ ಬದಲು ಆಜ್ಞೆಗಳನ್ನು ಟೈಪ್ ಮಾಡಿ ಕಂಪ್ಯೂಟರ್‌ನಿಂದ ಕೆಲಸ ಮಾಡಿಸುವ ಕಿಟಕಿ ಅದು. ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬ ಲೆಕ್ಕ ಇಡುವುದು ವರ್ಷನ್ ಕಂಟ್ರೋಲ್. ಚದುರಿದ ಕೋಡ್ ಫೈಲುಗಳನ್ನು ಜೋಡಿಸಿ ಓಡಿಸಬಹುದಾದ ಪ್ರೋಗ್ರಾಂ ಮಾಡುವುದು ಬಿಲ್ಡ್ ಟೂಲ್. ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು ತಂದುಕೊಡುವುದು ಪ್ಯಾಕೇಜ್ ಮ್ಯಾನೇಜರ್. ಓಡುತ್ತಿರುವ ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ, ಒಳಗೆ ಯಾವ ಮೌಲ್ಯ ಎಲ್ಲಿದೆ ಎಂದು ತೋರಿಸುವುದು ಡಿಬಗರ್. ಇವುಗಳ ಮೇಲೆ ಟೆಸ್ಟ್ ನಡೆಸುವ, ಸಾಫ್ಟ್‌ವೇರನ್ನು ಸರ್ವರ್‌ಗೆ ತಲುಪಿಸುವ, ಅಲ್ಲಿ ಅದು ಹೇಗಿದೆ ಎಂದು ಕಾಯುವ ಟೂಲ್‌ಗಳು ಬರುತ್ತವೆ.

ಎಲ್ಲವನ್ನೂ ಇಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ. ಒಂದನ್ನು ಪೂರ್ತಿ ಅರ್ಥ ಮಾಡಿಕೊಂಡರೆ ಉಳಿದವುಗಳ ಸ್ವಭಾವವೂ ತಿಳಿಯುತ್ತದೆ. ಅದಕ್ಕೆ ಗಿಟ್ ಎಂಬ ವರ್ಷನ್ ಕಂಟ್ರೋಲ್ ಟೂಲ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ.

## ಗಿಟ್: ಒಂದು ಟೂಲ್‌ನೊಳಗೆ ಎಷ್ಟು ಪಾಠ

ನಾಲ್ವರು ಸೇರಿ ಒಂದು ಪ್ರಾಜೆಕ್ಟ್ ಮಾಡುತ್ತಿದ್ದಾರೆ ಎಂದುಕೊಳ್ಳಿ. ಗಿಟ್ ಗೊತ್ತಿಲ್ಲದಿದ್ದರೆ ಕೋಡನ್ನು ಜಿಪ್ ಮಾಡಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುತ್ತಾರೆ. ಒಬ್ಬಳು ಲಾಗಿನ್ ಪುಟ ತಿದ್ದಿ ಕಳಿಸುತ್ತಾಳೆ. ಅಷ್ಟರಲ್ಲಿ ಇನ್ನೊಬ್ಬ ಹಳೆಯ ಜಿಪ್ ಮೇಲೇ ಡೇಟಾಬೇಸ್ ಭಾಗ ತಿದ್ದಿರುತ್ತಾನೆ. ಇಬ್ಬರದನ್ನೂ ಕೈಯಾರೆ ಸೇರಿಸುವಾಗ ಒಬ್ಬರ ಕೆಲಸ ಅಳಿಸಿಹೋಗುತ್ತದೆ. ಸಲ್ಲಿಸುವ ಹಿಂದಿನ ರಾತ್ರಿ ಯಾವುದೋ ಕೆಟ್ಟಿರುತ್ತದೆ, ಮೂರು ದಿನದ ಹಿಂದೆ ಸರಿಯಾಗಿದ್ದ ಪ್ರತಿ ಯಾರ ಬಳಿಯೂ ಇರುವುದಿಲ್ಲ.

ಇದೇ ತೊಂದರೆ ಸಾವಿರಾರು ಜನ ಸೇರಿ ಕಟ್ಟುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಎಷ್ಟು ದೊಡ್ಡದಿರಬೇಡ! ಲಿನಕ್ಸ್ ತಂಡ 2002ರಿಂದ ಬಿಟ್‌ಕೀಪರ್ ಎಂಬ ಟೂಲ್ ಬಳಸುತ್ತಿತ್ತು. 2005ರಲ್ಲಿ ಅದನ್ನು ಉಚಿತವಾಗಿ ಬಳಸುವ ಅನುಮತಿ ಹೋಯಿತು. ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಆ ವರ್ಷದ ಏಪ್ರಿಲ್‌ನಲ್ಲಿ ತಾನೇ ಒಂದನ್ನು ಬರೆಯಲು ಕೂತರು. ಕೆಲವೇ ದಿನಗಳಲ್ಲಿ ಗಿಟ್ ತನ್ನದೇ ಕೋಡಿನ ಲೆಕ್ಕ ಇಡುವಷ್ಟು ಬೆಳೆಯಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ವರ್ಷನ್ ಕಂಟ್ರೋಲ್ ಅದೇ.

ಗಿಟ್ ಒಳಗೆ ನಡೆಯುವುದು ಸರಳವಾದದ್ದು. ನೀವು ‘ಕಮಿಟ್’ ಮಾಡಿದಾಗಲೆಲ್ಲ ಇಡೀ ಪ್ರಾಜೆಕ್ಟ್ ಆ ಕ್ಷಣ ಹೇಗಿತ್ತೋ ಹಾಗೆ ಒಂದು ಚಿತ್ರ ಹಿಡಿದಿಡುತ್ತದೆ. ಜೊತೆಗೆ ಬರೆದವರ ಹೆಸರು, ಸಮಯ, ಯಾಕೆ ಬದಲಾಯಿಸಿದಿರಿ ಎಂಬ ಚಿಕ್ಕ ಟಿಪ್ಪಣಿ, ಇದಕ್ಕೆ ಹಿಂದಿನ ಕಮಿಟ್ ಯಾವುದು ಎಂಬ ಗುರುತು. ಹೀಗೆ ಒಂದರ ಬೆನ್ನಿಗೆ ಒಂದು ಕಮಿಟ್ ಕೊಂಡಿಯಾಗಿ ನಿಲ್ಲುತ್ತದೆ.

ಪ್ರತಿ ಕಮಿಟ್‌ಗೂ ಸಾಮಾನ್ಯವಾಗಿ 40 ಅಕ್ಷರಗಳ ಒಂದು ಗುರುತು ಸಿಗುತ್ತದೆ. ಅದನ್ನು ಯಾರೂ ಇಡುವುದಿಲ್ಲ, ಒಳಗಿರುವ ವಿಷಯದಿಂದಲೇ ಲೆಕ್ಕ ಹಾಕಿ ತೆಗೆಯುವುದು. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಹಿಂದಿನ ಕಮಿಟ್‌ನ ಗುರುತೂ ಆ ಲೆಕ್ಕದಲ್ಲಿ ಸೇರಿರುವುದರಿಂದ, ಹಳೆಯ ಇತಿಹಾಸವನ್ನು ಯಾರಾದರೂ ತಿದ್ದಿದರೆ ಅಲ್ಲಿಂದ ಮುಂದಿನ ಎಲ್ಲ ಗುರುತುಗಳೂ ಬದಲಾಗಿ ಸಿಕ್ಕಿಬೀಳುತ್ತಾರೆ.

‘ಬ್ರಾಂಚ್’ ಎಂದರೆ ಹೊಸ ಫೋಲ್ಡರ್ ಎಂದು ಬಹಳ ಮಕ್ಕಳು ತಿಳಿದಿರುತ್ತಾರೆ. ಅದು ಒಂದು ಕಮಿಟ್ ಕಡೆಗೆ ಬೆರಳು ತೋರಿಸುವ ಹೆಸರು ಮಾತ್ರ. ಇಬ್ಬರು ಬೇರೆ ಬೇರೆ ಬ್ರಾಂಚ್‌ನಲ್ಲಿ ಕೆಲಸ ಮಾಡಿ ಕೊನೆಗೆ ಸೇರಿಸುವಾಗ, ಅವರ ದಾರಿಗಳು ಕವಲೊಡೆದ ಜಾಗವನ್ನು ಗಿಟ್ ಹುಡುಕುತ್ತದೆ. ಅಲ್ಲಿಂದ ಈಚೆಗೆ ಯಾರು ಏನು ಬದಲಿಸಿದರು ಎಂದು ಹೋಲಿಸುತ್ತದೆ. ಇಬ್ಬರೂ ಬೇರೆ ಬೇರೆ ಜಾಗ ಮುಟ್ಟಿದ್ದರೆ ತಾನೇ ಸೇರಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ತಿದ್ದಿದ್ದರೆ ನಿಲ್ಲಿಸಿ, ‘ನೀವೇ ತೀರ್ಮಾನಿಸಿ’ ಎನ್ನುತ್ತದೆ. ಇದನ್ನು ಕಾನ್‌ಫ್ಲಿಕ್ಟ್ ಎನ್ನುತ್ತಾರೆ. ಪರದೆಯ ಮೇಲೆ ಈ ಪದ ಕಂಡರೆ ಹೊಸಬರು ಏನೋ ಹಾಳಾಯಿತೆಂದು ಬೆದರುತ್ತಾರೆ. ಹಾಳಾಗಿರುವುದು ಏನೂ ಇಲ್ಲ. ಯಂತ್ರಕ್ಕೆ ತೀರ್ಮಾನಿಸಲು ಹಕ್ಕಿಲ್ಲದ ಕಡೆ ಅದು ಮನುಷ್ಯರನ್ನು ಕೇಳುತ್ತಿದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕಮಿಟ್‌ಗಳ ಕೊಂಡಿ, ಕವಲು, ಕೂಡು ಎಲ್ಲ ಸೇರಿ ಆಗುವ ಆಕಾರವನ್ನು ವಿದ್ಯಾರ್ಥಿ ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ‘ಗ್ರಾಫ್’ ಎಂಬ ಹೆಸರಲ್ಲಿ ಆಗಲೇ ಓದಿರುತ್ತಾನೆ. ಹ್ಯಾಶ್ ಕೂಡ ಅಲ್ಲೇ ಓದಿದ್ದು. ಗಿಟ್‌ನಲ್ಲಿ ‘ಬೈಸೆಕ್ಟ್’ ಎಂಬ ಆಜ್ಞೆ ಇದೆ. ಸಾವಿರ ಕಮಿಟ್‌ಗಳ ಹಿಂದೆ ಪ್ರೋಗ್ರಾಂ ಸರಿಯಿತ್ತು, ಈಗ ಕೆಟ್ಟಿದೆ, ನಡುವೆ ಎಲ್ಲಿ ಕೆಟ್ಟಿತು ಎಂದು ಅದು ಹುಡುಕಿಕೊಡುತ್ತದೆ. ಪ್ರತಿ ಸಲ ಉಳಿದದ್ದರ ನಡುಮಧ್ಯ ನೋಡಿ ಅರ್ಧ ತಳ್ಳಿಹಾಕುತ್ತ ಹೋಗುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಹೆಚ್ಚುಕಡಿಮೆ ಹತ್ತು ಸಲ ನೋಡಿದರೆ ಸಾಕು. ಇದು ಮೊದಲ ವರ್ಷ ಬೋರ್ಡಿನ ಮೇಲೆ ಬರೆದುಕೊಂಡ ಬೈನರಿ ಸರ್ಚ್ ಅಲ್ವಾ? ಪುಸ್ತಕದಲ್ಲಿ ಒಣಗಿ ಕೂತಿದ್ದ ಪಾಠಕ್ಕೆ ಇಲ್ಲಿ ಜೀವ ಬರುತ್ತದೆ. ಟೂಲ್ ಕಲಿಸಿದರೆ ಸಿದ್ಧಾಂತಕ್ಕೆ ಸಮಯ ಸಾಲುವುದಿಲ್ಲ ಎಂಬ ದೂರಿಗೆ ನನ್ನ ಉತ್ತರ ಇದೇ. ಒಳಗಿನ ಯೋಚನೆಯ ಜೊತೆ ಕಲಿಸಿದ ಟೂಲ್ ಸಿದ್ಧಾಂತದ ಸಮಯ ಕದಿಯುವುದಿಲ್ಲ, ಅದನ್ನು ಗಟ್ಟಿ ಮಾಡುತ್ತದೆ.

ಐದು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿ ‘ಗಿಟ್ ಮುಗಿಯಿತು’ ಎಂದರೆ ಇದ್ಯಾವುದೂ ಸಿಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಪಾಸ್‌ವರ್ಡ್ ಇರುವ ಫೈಲನ್ನು ತಪ್ಪಿ ಕಮಿಟ್ ಮಾಡಿದವರು ಮುಂದಿನ ಕಮಿಟ್‌ನಲ್ಲಿ ಅದನ್ನು ಅಳಿಸಿ ನಿಶ್ಚಿಂತೆಯಿಂದ ಇರುತ್ತಾರೆ. ಹಳೆಯ ಚಿತ್ರದಲ್ಲಿ ಅದು ಹಾಗೇ ಇರುತ್ತದೆ. ಕೋಡನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದರೆ ಯಾರು ಬೇಕಾದರೂ ಹಿಂದಕ್ಕೆ ಹೋಗಿ ಓದಬಹುದು. ಒಳಗೆ ಏನಾಗುತ್ತದೆ ಎಂದು ತಿಳಿದವರಿಗೆ ಮಾತ್ರ ಆ ಪಾಸ್‌ವರ್ಡನ್ನೇ ಬದಲಾಯಿಸಬೇಕು ಎಂದು ಹೊಳೆಯುತ್ತದೆ.

## ಟೆಸ್ಟ್: ಯಂತ್ರಕ್ಕೆ ಒಪ್ಪಿಸಿದ ಪರೀಕ್ಷೆ

ಒಂದು ವರ್ಷ ಅಧಿಕ ವರ್ಷವೋ ಅಲ್ಲವೋ ಹೇಳುವ ಚಿಕ್ಕ ಫಂಕ್ಷನ್ (ಒಂದೇ ಕೆಲಸ ಮಾಡುವ ಕೋಡಿನ ತುಣುಕು) ಬರೆದಿದ್ದೀರಿ. 2024 ಕೊಟ್ಟರೆ ‘ಹೌದು’, 2023 ಕೊಟ್ಟರೆ ‘ಅಲ್ಲ’ ಎನ್ನುತ್ತದೆ. ಸರಿಯಿದೆ ಅನ್ನಿಸುತ್ತದೆ. 1900 ಕೊಟ್ಟರೆ? ನಾಲ್ಕರಿಂದ ಭಾಗವಾದರೂ ಅದು ಅಧಿಕ ವರ್ಷವಲ್ಲ. 2000? ಅದು ಅಧಿಕ ವರ್ಷ. ಈ ನಾಲ್ಕು ಪ್ರಶ್ನೆ, ನಾಲ್ಕು ಉತ್ತರಗಳನ್ನು ಇನ್ನೊಂದು ಫೈಲಿನಲ್ಲಿ ಬರೆದಿಟ್ಟು, ಯಾವಾಗ ಬೇಕಾದರೂ ಯಂತ್ರವೇ ಹೋಲಿಸಿ ನೋಡುವಂತೆ ಮಾಡಿದರೆ ಅದು ಯುನಿಟ್ ಟೆಸ್ಟ್.

ಇದರ ಬೆಲೆ ಇವತ್ತು ಗೊತ್ತಾಗುವುದಿಲ್ಲ. ಆರು ತಿಂಗಳ ಮೇಲೆ ಬೇರೆ ಯಾರೋ ಆ ಫಂಕ್ಷನ್ ತಿದ್ದುತ್ತಾರೆ. ಅವರಿಗೆ 1900ರ ವಿಚಾರ ನೆನಪಿರುವುದಿಲ್ಲ. ಟೆಸ್ಟ್‌ಗೆ ನೆನಪಿರುತ್ತದೆ.

ಲ್ಯಾಬ್ ಪ್ರೋಗ್ರಾಂ ಆರು ತಿಂಗಳು ಬದುಕುವುದೇ ಇಲ್ಲ. ಹಾಗಾಗಿ ಅಲ್ಲಿ ಟೆಸ್ಟ್ ಬರೆಸಿದರೆ ಮಕ್ಕಳಿಗೆ ಸುಮ್ನೆ ಹೆಚ್ಚುವರಿ ಕೆಲಸ ಎನ್ನಿಸುತ್ತದೆ. ಅವರು ಅಂದುಕೊಳ್ಳುವುದರಲ್ಲಿ ತಪ್ಪಿಲ್ಲ. ಟೆಸ್ಟ್ ಬೇಕು ಎನ್ನಿಸುವ ಸ್ಥಿತಿಯನ್ನು ಪಾಠ ಕಟ್ಟುವವರು ತಂದೊಡ್ಡಬೇಕು. ಕಳೆದ ವರ್ಷದವರು ಬರೆದ ಕೋಡನ್ನು ಈ ವರ್ಷದವರಿಗೆ ಕೊಟ್ಟು ‘ಇದಕ್ಕೆ ಈ ಸೌಲಭ್ಯ ಸೇರಿಸಿ, ಹಳೆಯದು ಯಾವುದೂ ಕೆಡಬಾರದು’ ಎಂದರೆ ಸಾಕು. ಟೆಸ್ಟ್ ಇಲ್ಲದ ಕೋಡ್ ಮುಟ್ಟುವುದು ಎಷ್ಟು ಭಯದ ಕೆಲಸ ಎಂದು ಒಂದೇ ದಿನದಲ್ಲಿ ಅರ್ಥವಾಗುತ್ತದೆ.

## ಕೊನೆಯ ಹೆಜ್ಜೆಯಲ್ಲಿ ಎಡವಿದರೆ

ಕೋಡ್ ಸರಿಯಾಗಿದ್ದರೂ ಅದನ್ನು ಸರ್ವರ್‌ಗಳಿಗೆ ತಲುಪಿಸುವಾಗ ಕೆಡಬಹುದು. ಈ ಭಾಗ ಬಹುತೇಕ ಪಠ್ಯಕ್ರಮಗಳಲ್ಲಿ ಒಂದೆರಡು ಪುಟದಲ್ಲಿ ಮುಗಿದುಹೋಗುತ್ತದೆ. ಆದರೆ ಇದರ ಏಟು ಎಷ್ಟು ದೊಡ್ಡದೆಂದು ತೋರಿಸುವ ಘಟನೆಗಳು ದಾಖಲಾಗಿವೆ.

2012ರ ಆಗಸ್ಟ್ 1. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಸಂಸ್ಥೆ ಅದಕ್ಕೆ ಮುಂಚಿನ ದಿನಗಳಲ್ಲಿ ಹೊಸ ಕೋಡನ್ನು ತನ್ನ ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ಏಳಕ್ಕೆ ಹೋಯಿತು, ಎಂಟನೆಯದಕ್ಕೆ ಹೋಗಲಿಲ್ಲ. ಆ ಸರ್ವರ್‌ನಲ್ಲಿ ವರ್ಷಗಳಿಂದ ಬಳಸದೇ ಬಿಟ್ಟಿದ್ದ ಹಳೆಯ ಕೋಡ್ ಮಲಗಿತ್ತು. ಹೊಸ ಕೆಲಸಕ್ಕೆಂದು ಒತ್ತಿದ ಸ್ವಿಚ್ ಅಲ್ಲಿ ಆ ಹಳೆಯದನ್ನು ಎಬ್ಬಿಸಿತು. ಯಾರೂ ಕೇಳದ ಷೇರು ಖರೀದಿ, ಮಾರಾಟಗಳು ಒಂದರ ಮೇಲೊಂದು ನಡೆದವು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ನಷ್ಟು ನಷ್ಟವಾಯಿತು. ಎಂಟೂ ಸರ್ವರ್‌ಗಳಲ್ಲಿ ಒಂದೇ ಕೋಡ್ ಇದೆಯೇ ಎಂದು ತಾನಾಗಿ ನೋಡುವ ವ್ಯವಸ್ಥೆ ಇದ್ದಿದ್ದರೆ ಇದು ಅಲ್ಲೇ ನಿಲ್ಲುತ್ತಿತ್ತು.

ಇನ್ನೊಂದು 2017ರ ಜನವರಿ 31ರದು. ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್‌ನಲ್ಲಿ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್‌ನ ಡೇಟಾ ಅಳಿಸಲು ಹೋಗಿ ಮುಖ್ಯ ಸರ್ವರ್‌ನದನ್ನು ಅಳಿಸಿದರು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ, ಡೇಟಾಬೇಸ್‌ನ ಆವೃತ್ತಿಯೂ ಬ್ಯಾಕಪ್ ಟೂಲ್‌ನ ಆವೃತ್ತಿಯೂ ಹೊಂದದೆ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಆಗುತ್ತಿಲ್ಲ ಎಂದು ತಿಳಿಸುವ ಇಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಇದ್ದುದರಿಂದ ಉಳಿದದ್ದು ಉಳಿಯಿತು. ಆ ಸಂಸ್ಥೆ ನಡೆದದ್ದನ್ನೆಲ್ಲ ಬಿಚ್ಚಿ ಬರೆದು ಪ್ರಕಟಿಸಿತು. ಯಾವ ಪಠ್ಯಪುಸ್ತಕಕ್ಕಿಂತಲೂ ಒಳ್ಳೆಯ ಪಾಠ ಅದರಲ್ಲಿದೆ: ಮರಳಿ ತಂದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸುವಂತಿಲ್ಲ.

ಬೇರೆಯವರ ಕೋಡ್ ಮೇಲೆ ನಾವು ಎಷ್ಟು ಒರಗಿದ್ದೇವೆ ಎಂಬುದು 2016ರ ಮಾರ್ಚ್‌ನಲ್ಲಿ ಗೊತ್ತಾಯಿತು. ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಪುಟ್ಟ ಜಾವಾಸ್ಕ್ರಿಪ್ಟ್ ಪ್ಯಾಕೇಜನ್ನು ಬರೆದವರು ವಾಪಸ್ ತೆಗೆದುಕೊಂಡರು. ಅದನ್ನು ನೇರವಾಗಿ ಬಳಸದ ಪ್ರಾಜೆಕ್ಟ್‌ಗಳೂ ಬಿಲ್ಡ್ ಆಗದೆ ನಿಂತವು. ಯಾಕೆಂದರೆ ಅವು ಬಳಸುತ್ತಿದ್ದ ಪ್ಯಾಕೇಜ್ ಬಳಸುತ್ತಿದ್ದ ಇನ್ನೊಂದು ಪ್ಯಾಕೇಜ್‌ಗೆ ಅದು ಬೇಕಿತ್ತು.

ಇಂಥ ಪೆಟ್ಟು ತಪ್ಪಿಸಲು ಬಂದ ಅಭ್ಯಾಸಗಳಲ್ಲಿ ಮುಖ್ಯವಾದದ್ದು ಕಂಟಿನ್ಯುಯಸ್ ಇಂಟಿಗ್ರೇಷನ್. ಹೆಸರು ಉದ್ದ, ಕೆಲಸ ಸರಳ. ತಂಡದಲ್ಲಿ ಯಾರು ಕೋಡ್ ಸೇರಿಸಿದರೂ, ಎಲ್ಲೋ ಇರುವ ಖಾಲಿ ಯಂತ್ರವೊಂದು ಅದನ್ನು ಮೊದಲಿನಿಂದ ಜೋಡಿಸಿ ಎಲ್ಲ ಟೆಸ್ಟ್ ಓಡಿಸುತ್ತದೆ. ಒಂದು ಕೆಟ್ಟರೂ ಕೆಂಪು ಗುರುತು ತೋರಿಸುತ್ತದೆ. ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿದೆಯಲ್ಲ’ ಎಂಬ ವಾದ ಅಲ್ಲಿಗೆ ಮುಗಿಯುತ್ತದೆ. 2013ರಲ್ಲಿ ಬಂದ ಡಾಕರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರೋಗ್ರಾಂ ಜೊತೆಗೆ ಅದಕ್ಕೆ ಬೇಕಾದ ಸಿದ್ಧ ಕೋಡಿನ ಲೈಬ್ರರಿ, ಸೆಟ್ಟಿಂಗ್ ಎಲ್ಲವನ್ನೂ ‘ಕಂಟೈನರ್’ ಎಂಬ ಒಂದೇ ಗಂಟು ಕಟ್ಟಿ, ಬೇರೆ ಯಂತ್ರದಲ್ಲೂ ಹಾಗೇ ಓಡುವಂತೆ ಮಾಡುವ ದಾರಿಯನ್ನು ಎಲ್ಲರಿಗೂ ಸುಲಭವಾಗಿಸಿತು.

## ಹಾಗಾದರೆ ಕಾಲೇಜುಗಳು ಯಾಕೆ ಕಲಿಸುವುದಿಲ್ಲ?

ಕಲಿಸಬಾರದೆಂದು ಯಾರೂ ಹೇಳಿಲ್ಲ. ಕಂಪ್ಯೂಟರ್ ಕ್ಷೇತ್ರದ ವೃತ್ತಿಪರ ಸಂಘಗಳಾದ ಎಸಿಎಂ ಮತ್ತು ಐಟ್ರಿಪಲ್‌ಇ ಕಂಪ್ಯೂಟರ್ ಸೊಸೈಟಿ ಸೇರಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪದವಿಗೆಂದು 2004ರಲ್ಲಿ ಮಾರ್ಗಸೂಚಿ ತಂದವು, 2014ರಲ್ಲಿ ಪರಿಷ್ಕರಿಸಿದವು. ಕಾಲ ಕಳೆದರೂ ಉಳಿಯುವ ತತ್ವಗಳಿಗೆ ಒತ್ತು ಕೊಡಿ ಎನ್ನುವ 2004ರ ಮಾರ್ಗಸೂಚಿಯೇ, ಇಂದಿನ ಸರಿಯಾದ ಟೂಲ್‌ಗಳನ್ನು ಬಳಸಿದ ಅನುಭವವೂ ವಿದ್ಯಾರ್ಥಿಗೆ ಸಿಗಲಿ, ಆದರೆ ಟೂಲ್‌ನ ವಿವರಗಳೇ ಪಾಠದ ಗುರಿಯಾಗದಿರಲಿ ಎಂದೂ ಹೇಳುತ್ತದೆ. ತೂಕದ ಮಾತು. ಪಾಲಿಸುವುದೇ ಕಷ್ಟ.

ಕಷ್ಟಕ್ಕೆ ಕಾರಣಗಳಿವೆ. ಪಠ್ಯಕ್ರಮ ಬದಲಾಗಲು ಸಮಿತಿ ಸೇರಬೇಕು, ಒಪ್ಪಿಗೆ ಬೇಕು, ವರ್ಷಗಳು ಹಿಡಿಯುತ್ತವೆ. ಟೂಲ್‌ಗಳು ಅಷ್ಟು ಕಾಯುವುದಿಲ್ಲ. ಬರೆಯುವ ಪರೀಕ್ಷೆಯಲ್ಲಿ ‘ವರ್ಷನ್ ಕಂಟ್ರೋಲ್‌ನ ಐದು ಲಾಭ ಬರೆಯಿರಿ’ ಎಂದು ಕೇಳಬಹುದು, ಕಾನ್‌ಫ್ಲಿಕ್ಟ್ ಬಿಡಿಸಲು ಬರುತ್ತದೆಯೇ ಎಂದು ನೋಡಲಾಗುವುದಿಲ್ಲ. ಪರೀಕ್ಷೆಯಲ್ಲಿ ಬರದ್ದನ್ನು ಕ್ಲಾಸಿನಲ್ಲೂ ಬಿಡುತ್ತಾರೆ. ಟೂಲ್ ಕಲಿಸುವವರು ಸ್ವತಃ ಅದನ್ನು ದಿನವೂ ಬಳಸುತ್ತಿರಬೇಕು, ಅದಕ್ಕೆ ಅವರಿಗೆ ಬಿಡುವು ಸಿಗಬೇಕು. ಅರವತ್ತು ಮಕ್ಕಳ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಟೂಲ್ ಇನ್‌ಸ್ಟಾಲ್ ಮಾಡಿಸಿದವರಿಗೆ ಗೊತ್ತು, ಪಾಠ ಶುರುವಾಗುವ ಮೊದಲೇ ಅವಧಿ ಮುಗಿದಿರುತ್ತದೆ.

ಇವೆಲ್ಲಕ್ಕಿಂತ ಆಳವಾಗಿ ಬೇರೂರಿರುವುದು ಒಂದು ನಂಬಿಕೆ: ‘ಇದೆಲ್ಲ ಅವರೇ ಕಲಿತುಕೊಳ್ಳುತ್ತಾರೆ ಬಿಡಿ.’ ಕೆಲವರು ಕಲಿಯುತ್ತಾರೆ, ನಿಜ. ಮನೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇರುವವರು, ಈ ಕೆಲಸದಲ್ಲಿರುವ ಅಣ್ಣನೋ ಅಕ್ಕನೋ ಇರುವವರು, ಇಂಗ್ಲಿಷ್ ಕೈಪಿಡಿ ಓದಿ ಅರ್ಥ ಮಾಡಿಕೊಳ್ಳಬಲ್ಲವರು. ಇದ್ಯಾವುದೂ ಇಲ್ಲದೆ ಬಂದ ಮಗುವಿಗೆ ಕಾಲೇಜೇ ಏಕೈಕ ಬಾಗಿಲು. ಆ ಬಾಗಿಲಲ್ಲಿ ಸಿಗದ್ದು ಅವರಿಗೆ ಬೇರೆಲ್ಲೂ ಸಿಗುವುದಿಲ್ಲ. ಈ ವಿಷಯದಲ್ಲಿ ನನ್ನನ್ನು ಬಹಳ ಕಾಡುವುದು ಇದೇ. ಟೂಲ್‌ಗಳನ್ನು ಕಲಿಸದೇ ಬಿಟ್ಟಾಗ, ಮೊದಲೇ ಹಿಂದೆ ಇದ್ದವರು ಇನ್ನಷ್ಟು ಹಿಂದೆ ಬೀಳುತ್ತಾರೆ.

ಈ ಕೊರತೆ ಹೆಸರಾಂತ ಕಡೆಯೂ ಇದೆ. 2020ರ ಜನವರಿಯಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಶೋಧನಾ ವಿದ್ಯಾರ್ಥಿಗಳೇ ಸೇರಿ, ಎರಡು ಸೆಮಿಸ್ಟರ್‌ಗಳ ನಡುವಿನ ಬಿಡುವಿನಲ್ಲಿ ಒಂದು ಕಿರು ಕೋರ್ಸ್ ನಡೆಸಿದರು. ಅದರ ಹೆಸರೇ ‘ಮಿಸ್ಸಿಂಗ್ ಸೆಮಿಸ್ಟರ್’, ಅಂದರೆ ಬಿಟ್ಟುಹೋದ ಸೆಮಿಸ್ಟರ್. ಟರ್ಮಿನಲ್, ಎಡಿಟರ್, ಗಿಟ್, ಡಿಬಗರ್, ಭದ್ರತೆಯ ಮೂಲ ವಿಚಾರ ಅದರ ಪಾಠಗಳು. ಎಲ್ಲವನ್ನೂ ಉಚಿತವಾಗಿ ಇಂಟರ್‌ನೆಟ್‌ನಲ್ಲಿ ಇಟ್ಟರು.

## ನಾಳೆ ಹಳತಾಗುವ ಟೂಲ್ ಕಲಿಸಿ ಏನು ಲಾಭ?

ಇದು ನ್ಯಾಯವಾದ ಪ್ರಶ್ನೆ. ವೆಬ್ ಪುಟ ಕಟ್ಟುವ ಟೂಲ್ ಆ್ಯಂಗ್ಯುಲರ್‌ಜೆಎಸ್ 2010ರಲ್ಲಿ ಬಂತು, ಎಲ್ಲರೂ ಅದನ್ನೇ ಕಲಿತರು. 2016ರಲ್ಲಿ ಬಂದ ಮುಂದಿನ ಆವೃತ್ತಿಯನ್ನು ಬುಡದಿಂದ ಬೇರೆಯಾಗಿ ಬರೆದಿದ್ದರು. ಅನಿಮೇಷನ್, ವಿಡಿಯೊ ಓಡಿಸಲು ಒಂದು ಕಾಲಕ್ಕೆ ವೆಬ್ ತುಂಬ ಇದ್ದ ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. ಒಂದು ಸೆಮಿಸ್ಟರ್ ಪೂರ್ತಿ ಇವುಗಳ ಬಟನ್, ಮೆನು ಕಲಿತವರ ಕೈಯಲ್ಲಿ ಉಳಿದದ್ದು ಕಡಿಮೆ.

ಇನ್ನೊಂದು ಕಡೆ ನೋಡಿ. ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯುಎಲ್ 1970ರ ದಶಕದ್ದು. ಬಿಲ್ಡ್ ಟೂಲ್ ‘ಮೇಕ್’ 1976ರದು. ಒಂದು ಪ್ರೋಗ್ರಾಂನ ಉತ್ತರವನ್ನು ಇನ್ನೊಂದಕ್ಕೆ ಹರಿಸುವ, ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ ಪೈಪ್ 1973ರದು. ಇವೆಲ್ಲ ಇಂದಿಗೂ ದಿನಬಳಕೆಯಲ್ಲಿವೆ. ಅರ್ಧ ಶತಮಾನ ಬಾಳಿದ ಟೂಲ್‌ಗಳೂ ಇವೆ ಎಂದಾಯಿತು.

ಏನು ವ್ಯತ್ಯಾಸ? ಎಸ್‌ಕ್ಯುಎಲ್ ನಿಂತಿರುವುದು ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ, ಮಾಹಿತಿಯನ್ನು ಕೋಷ್ಟಕಗಳಾಗಿ ನೋಡುವ ರಿಲೇಷನಲ್ ಮಾದರಿಯ ಮೇಲೆ. ಅದು ಗಣಿತ, ಹಳತಾಗುವುದಿಲ್ಲ. ಪೈಪ್ ನಿಂತಿರುವುದು ಚಿಕ್ಕ ಚಿಕ್ಕ ಟೂಲ್‌ಗಳನ್ನು ಜೋಡಿಸಿ ದೊಡ್ಡ ಕೆಲಸ ಮಾಡು ಎಂಬ ಯೋಚನೆಯ ಮೇಲೆ. ಟೂಲ್ ಆರಿಸುವಾಗ ‘ಇದರ ಹಿಂದೆ ಯಾವ ತೊಂದರೆ ಇದೆ, ಅದನ್ನು ಯಾವ ಯೋಚನೆಯಿಂದ ಬಿಡಿಸಿದ್ದಾರೆ’ ಎಂದು ಕೇಳಿದರೆ ಅರ್ಧ ದಾರಿ ಸಾಗಿದಂತೆ. ಉತ್ತರ ಸಿಗದಿದ್ದರೆ ಆ ಟೂಲ್‌ಗೆ ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಕೊಡಬೇಕಿಲ್ಲ.

ಎಲ್ಲ ಟೂಲ್‌ಗಳನ್ನೂ ಕಲಿಸುವ ಅಗತ್ಯವೂ ಇಲ್ಲ. ಪ್ರತಿ ಬಗೆಯಿಂದ ಒಂದನ್ನು ಆಳವಾಗಿ ಕಲಿತರೆ ಎರಡನೆಯದು ತಾನಾಗಿ ಸುಲಭವಾಗುತ್ತದೆ. ಒಂದು ಡಿಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ (‘ಇಲ್ಲಿ ನಿಲ್ಲು’ ಎಂಬ ಗುರುತು) ಇಟ್ಟು ಸಾಲು ಸಾಲಾಗಿ ನಡೆದವರು ಬೇರೆ ಡಿಬಗರ್ ಕಂಡರೆ ಯಾವ ಬಟನ್ ಎಲ್ಲಿದೆ ಎಂದು ಮಾತ್ರ ಕೇಳುತ್ತಾರೆ.

## ಹೇಗೆ ಕಲಿಸಿದರೆ ಉಳಿಯುತ್ತದೆ?

‘ಟೂಲ್ಸ್’ ಎಂದೇ ಒಂದು ಪ್ರತ್ಯೇಕ ವಿಷಯ ಇಟ್ಟು, ವಾರಕ್ಕೊಂದು ಟೂಲ್ ತೋರಿಸಿ ಮುಗಿಸುವುದು ಸುಲಭದ ದಾರಿ. ಆದರೆ ಬಳಸದ ಟೂಲ್ ಒಂದು ರಜೆಯಲ್ಲೇ ಮರೆತುಹೋಗುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ನಾಲ್ಕಾರು ತರಗತಿಯಲ್ಲಿ ಟರ್ಮಿನಲ್, ಗಿಟ್ ಪರಿಚಯಿಸಿ, ಅಲ್ಲಿಂದ ಮುಂದೆ ಎಲ್ಲ ಲ್ಯಾಬ್‌ನ ಕೆಲಸವನ್ನೂ ಗಿಟ್ ಮೂಲಕವೇ ತೆಗೆದುಕೊಂಡರೆ ಅದು ಬೇರೆ ಪಾಠವಾಗಿ ಉಳಿಯುವುದೇ ಇಲ್ಲ, ಕೈಗೆ ಹತ್ತಿಬಿಡುತ್ತದೆ. ಡೇಟಾ ಸ್ಟ್ರಕ್ಚರ್ ಲ್ಯಾಬ್‌ಗೆ ಡಿಬಗರ್ ಮತ್ತು ಟೆಸ್ಟ್, ಡೇಟಾಬೇಸ್ ಲ್ಯಾಬ್‌ಗೆ ಬ್ಯಾಕಪ್ ತೆಗೆದು ಮರಳಿ ತರುವ ಅಭ್ಯಾಸ, ನೆಟ್‌ವರ್ಕ್ ಲ್ಯಾಬ್‌ಗೆ ಕಂಟೈನರ್, ಹೀಗೆ ಆಯಾ ವಿಷಯದ ಜೊತೆ ಆಯಾ ಟೂಲ್ ಬೆಸೆದುಕೊಳ್ಳಬಹುದು.

ತೊಂದರೆಯನ್ನು ಮೊದಲು ಅನುಭವಿಸಲು ಬಿಡುವುದೂ ಒಂದು ಉಪಾಯ. ಒಂದು ವಾರ ಗಿಟ್ ಇಲ್ಲದೆ ಗುಂಪಿನ ಪ್ರಾಜೆಕ್ಟ್ ಮಾಡಿಸಿ, ಮುಂದಿನ ವಾರ ಗಿಟ್ ಕೊಟ್ಟರೆ ‘ಇದು ಯಾಕೆ ಬೇಕು’ ಎಂದು ವಿವರಿಸುವ ಕೆಲಸವೇ ಇರುವುದಿಲ್ಲ.

ಕೋಡ್ ರಿವ್ಯೂ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಒಬ್ಬರು ಬರೆದದ್ದನ್ನು ಸೇರಿಸುವ ಮೊದಲು ಇನ್ನೊಬ್ಬರು ಓದಿ ಪ್ರಶ್ನೆ ಕೇಳುವ ಪದ್ಧತಿ ಇದು. ಪುಲ್ ರಿಕ್ವೆಸ್ಟ್ ಎಂದರೆ ‘ನನ್ನ ಬದಲಾವಣೆ ನೋಡಿ, ಸರಿಯಿದ್ದರೆ ಸೇರಿಸಿಕೊಳ್ಳಿ’ ಎಂಬ ಮನವಿ. ಕಾಲೇಜಿನಲ್ಲಿ ಮಕ್ಕಳು ಕೋಡ್ ಬರೆಯುವುದು ಜಾಸ್ತಿ, ಓದುವುದು ಬಹಳ ಕಡಿಮೆ. ಕೆಲಸದಲ್ಲಿ ಇದು ತಿರುಗಮುರುಗ. ವಾರಕ್ಕೊಮ್ಮೆ ಗೆಳತಿಯ ಕೋಡ್ ಓದಿ, ನೋವಾಗದಂತೆ ಆದರೆ ಮುಚ್ಚಿಡದೆ ಅಭಿಪ್ರಾಯ ಬರೆಯುವುದು ದೊಡ್ಡ ತರಬೇತಿ. ಅದಕ್ಕೆ ಹಣ ಬೇಕಿಲ್ಲ, ಹೊಸ ಲ್ಯಾಬ್ ಬೇಕಿಲ್ಲ.

ಅಂಕ ಕೊಡುವಾಗ ಎಚ್ಚರ ಬೇಕು. ಗುಂಪಿನಲ್ಲಿ ಯಾರು ಎಷ್ಟು ದುಡಿದರು ಎಂದು ನೋಡಲು ಕಮಿಟ್ ಎಣಿಸುವುದು ಸುಲಭ. ಎಣಿಸುತ್ತಾರೆ ಎಂದು ತಿಳಿದ ದಿನವೇ ಮಕ್ಕಳು ಸಾಲಿಗೊಂದು ಕಮಿಟ್ ಮಾಡತೊಡಗುತ್ತಾರೆ. ಇತಿಹಾಸವನ್ನು ತೆರೆದಿಟ್ಟು ‘ಈ ಬದಲಾವಣೆ ಯಾಕೆ ಮಾಡಿದಿ?’ ಎಂದು ವೈವಾದಲ್ಲಿ ಕೇಳಿದರೆ ಐದು ನಿಮಿಷದಲ್ಲಿ ನಿಜ ತಿಳಿಯುತ್ತದೆ. ಸಲ್ಲಿಸಿದ ತಕ್ಷಣ ಟೆಸ್ಟ್ ಓಡಿಸಿ ತಪ್ಪು ತೋರಿಸುವ ವ್ಯವಸ್ಥೆ ಮೇಷ್ಟ್ರ ಹೊರೆ ಇಳಿಸುತ್ತದೆ. ಆದರೆ ಟೆಸ್ಟ್ ಪಾಸಾಗುವಷ್ಟು ಮಾತ್ರ ಬರೆದು ಕೈತೊಳೆದುಕೊಳ್ಳುವ ಚಟವೂ ಅದರಿಂದ ಬರುತ್ತದೆ. ಕೆಲವು ಟೆಸ್ಟ್‌ಗಳನ್ನು ಮಕ್ಕಳೇ ಬರೆಯಬೇಕು ಎಂದಿಟ್ಟರೆ ಅದು ತಗ್ಗುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟ್ ಇವೆಲ್ಲ ಕೂಡುವ ಜಾಗ. ಅದು ಪೂರ್ತಿ ಒಂದು ಶೈಕ್ಷಣಿಕ ವರ್ಷ ನಡೆಯಲಿ, ಗುಂಪಿನಲ್ಲಿರಲಿ, ಮಾರ್ಗದರ್ಶಕರಲ್ಲದ ಬೇರೊಬ್ಬ ಗ್ರಾಹಕರು ಇರಲಿ ಎಂದು ಮೇಲೆ ಹೇಳಿದ ಎಸಿಎಂ, ಐಟ್ರಿಪಲ್‌ಇ ಮಾರ್ಗಸೂಚಿ ಸೂಚಿಸುತ್ತದೆ. ಓದು ಮತ್ತು ಕೆಲಸವನ್ನು ಪಾಳಿಯಂತೆ ಹೆಣೆಯುವ ದಾರಿಯೂ ಇದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದಾಗಿನಿಂದ ಇದನ್ನು ನಡೆಸುತ್ತ ಬಂದಿದೆ. ಅಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದಿಷ್ಟು ತಿಂಗಳು ಕ್ಲಾಸಿನಲ್ಲಿ, ಒಂದಿಷ್ಟು ತಿಂಗಳು ಸಂಬಳದ ಕೆಲಸದಲ್ಲಿ ಇರುತ್ತಾರೆ.

## ಕೋಡ್ ಬರೆಯುವ ಎಐ ಬಂದ ಮೇಲೆ

ಶುರುವಿನ ಪ್ರಶ್ನೆಗೆ ಈಗ ಉತ್ತರಿಸಬಹುದು. ಎಐ ಟೂಲ್ ಕೋಡನ್ನು ಬೇಗ ಬರೆದುಕೊಡುತ್ತದೆ. ಅದು ಸರಿಯೋ ತಪ್ಪೋ ಎಂದು ಹೊಣೆ ಹೊರುವುದಿಲ್ಲ. ಅಧಿಕ ವರ್ಷದ ಫಂಕ್ಷನ್‌ನಲ್ಲಿ 1900ನ್ನು ಅದು ಬಿಟ್ಟಿದ್ದರೆ ಹಿಡಿಯುವುದು ಟೆಸ್ಟ್. ಅದು ಎಲ್ಲಿ ಏನು ಬದಲಿಸಿತು ಎಂದು ತೋರಿಸುವುದು ಗಿಟ್. ಅದು ಸೂಚಿಸಿದ ಪ್ಯಾಕೇಜ್ ನಿಜಕ್ಕೂ ಇದೆಯೇ, ನಂಬಬಹುದೇ ಎಂದು ನೋಡಬೇಕಾದವರು ನೀವು. ಇಲ್ಲದ ಪ್ಯಾಕೇಜ್‌ಗಳ ಹೆಸರನ್ನೂ ಅದು ಧೈರ್ಯವಾಗಿ ಹೇಳುತ್ತದೆ. ಬರೆಯುವ ಶ್ರಮ ತಗ್ಗಿದಷ್ಟೂ ಓದಿ ನೋಡುವ, ಪರೀಕ್ಷಿಸುವ, ತಪ್ಪಾದರೆ ಹಿಂದಕ್ಕೆ ಹೋಗುವ ಕೆಲಸದ ತೂಕ ಹೆಚ್ಚುತ್ತದೆ. ಆ ಕೆಲಸಕ್ಕೆ ಬೇಕಾದ ಸಲಕರಣೆಗಳೇ ಇಲ್ಲಿಯವರೆಗೆ ನೋಡಿದವು.

ಎಐ ಕೂಡ ಒಂದು ಟೂಲ್. ಅದನ್ನೂ ಕಲಿಸಬೇಕು. ಯಾವ ಹಂತದಲ್ಲಿ ಎಂಬುದು ಮುಖ್ಯ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಹೇಗೆ ಓಡುತ್ತದೆ ಎಂದು ಇನ್ನೂ ಕಾಣದವರು ಎಐ ಕೊಟ್ಟ ಲೂಪಿನ ತಪ್ಪು ಹಿಡಿಯಲಾರರು. ಮೊದಲ ವರ್ಷದ ಅಭ್ಯಾಸಗಳನ್ನು ಕೈಯಿಂದಲೇ ಮಾಡಿಸಿ, ಆಮೇಲೆ ‘ಎಐ ಬರೆದ ಈ ಕೋಡಿನಲ್ಲಿ ತಪ್ಪು ಹುಡುಕಿ, ಅದನ್ನು ತೋರಿಸುವ ಟೆಸ್ಟ್ ಬರೆಯಿರಿ’ ಎಂಬ ಅಭ್ಯಾಸ ಕೊಡುವುದು ನನಗೆ ಸರಿಯಾದ ಕ್ರಮ ಅನ್ನಿಸುತ್ತದೆ.

## ನಿಮ್ಮ ಕಾಲೇಜಿನಲ್ಲಿ ಇದು ಇಲ್ಲದಿದ್ದರೆ

ಕಾಯಬೇಕಿಲ್ಲ. ಇಲ್ಲಿ ಹೇಳಿದ ಬಹುತೇಕ ಟೂಲ್‌ಗಳು ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ. ಈ ಸೆಮಿಸ್ಟರ್‌ನ ನಿಮ್ಮ ಲ್ಯಾಬ್ ಪ್ರೋಗ್ರಾಂಗಳನ್ನೇ ಒಂದು ಗಿಟ್ ರೆಪೊಸಿಟರಿಯಲ್ಲಿ (ಗಿಟ್ ಲೆಕ್ಕ ಇಡುವ ಫೋಲ್ಡರ್) ಇಡಲು ಶುರು ಮಾಡಿ. ಇಂಟರ್‌ನೆಟ್ ಕೂಡ ಬೇಡ, ಗಿಟ್ ನಿಮ್ಮ ಯಂತ್ರದಲ್ಲೇ ಪೂರ್ತಿ ಕೆಲಸ ಮಾಡುತ್ತದೆ. ಪ್ರತಿ ಕಮಿಟ್‌ಗೆ ಯಾಕೆ ಬದಲಾಯಿಸಿದಿರಿ ಎಂದು ಒಂದು ಸಾಲು ಬರೆಯಿರಿ. ಮುಂದಿನ ಸಲ ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟಾಗ ಎಲ್ಲ ಕಡೆ ಪ್ರಿಂಟ್ ಹಾಕುವ ಬದಲು ಡಿಬಗರ್ ತೆರೆದು ಒಂದು ಬ್ರೇಕ್‌ಪಾಯಿಂಟ್ ಇಡಿ. ಸಿಕ್ಕ ತಪ್ಪಿಗೆ ಒಂದು ಟೆಸ್ಟ್ ಬರೆಯಿರಿ.

ಇಷ್ಟು ಕೈಗೆ ಹತ್ತಿದ ಮೇಲೆ ನೀವು ಬಳಸುವ ಯಾವುದಾದರೂ ಓಪನ್ ಸೋರ್ಸ್ (ಕೋಡನ್ನು ಎಲ್ಲರಿಗೂ ತೆರೆದಿಟ್ಟ) ಸಾಫ್ಟ್‌ವೇರ್ ಆರಿಸಿಕೊಳ್ಳಿ. ಜನ ಅದರ ಬಗ್ಗೆ ಬರೆದ ದೂರುಗಳ ಪಟ್ಟಿ ಓದಿ. ಅದರಲ್ಲಿ ಒಂದನ್ನು ಹಿಡಿದು, ಆ ತಪ್ಪು ನಿಮ್ಮ ಯಂತ್ರದಲ್ಲೂ ಆಗುತ್ತದೆಯೇ ನೋಡಿ. ಆಗುತ್ತಿದ್ದರೆ, ಯಾವ ಆವೃತ್ತಿಯಲ್ಲಿ, ಯಾವ ಹೆಜ್ಜೆಗಳ ನಂತರ ಆಗುತ್ತದೆ ಎಂದು ಬಿಡಿಸಿ ಬರೆದು ಅಲ್ಲಿ ಸೇರಿಸಿ. ಒಂದು ಸಾಲು ಕೋಡ್ ಬರೆಯದಿದ್ದರೂ ಆ ತಂಡಕ್ಕೆ ಅದು ನಿಜವಾದ ಸಹಾಯ, ಎಷ್ಟೋ ಜನರ ಮೊದಲ ಕೊಡುಗೆ ಶುರುವಾದದ್ದೂ ಹಾಗೆಯೇ.